ಕೊರಳಪಟ್ಟಿಯ ಬಿಳುಪು

ಓಕ್ ಜಿನ್‌ತೇ ಹಲ್ಲು ಮಾಡುವ ಕೆಲಸಕ್ಕೆ ಕೈಹಾಕಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ಅವನು ಮಾಡಿದ ಹಲ್ಲುಗಳು ನಮ್ಮ ಜಿಂಜು ಪಟ್ಟಣದ ಎಷ್ಟೋ ಬಾಯಿಗಳಲ್ಲಿ ಕುಳಿತು ಊಟ ಮಾಡುತ್ತಿದ್ದವು, ನಗುತ್ತಿದ್ದವು, ಜಗಳವಾಡುತ್ತಿದ್ದವು. ಆದರೆ ಅವುಗಳಲ್ಲಿ ಒಂದಾದರೂ ಮೂರು ಮಹಡಿ ಮೆಟ್ಟಿಲು ಹತ್ತಿ ಅವನನ್ನೇ ಹುಡುಕಿಕೊಂಡು ಬಂದದ್ದಿಲ್ಲ. ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹಾಗೆ ಒಂದು ಹಲ್ಲು ಬಂದಿತು. ಪ್ಯೋ ಬುನ್‌ಸೊನ್ ಅವರನ್ನು ಅವನು ಮೊದಲ ಸಲ ಕಂಡದ್ದು ಅಂದೇ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಅಕ್ಕಿಹಿಟ್ಟಿನ ಕಡುಬು ಮಾರುವ ಅಂಗಡಿಯ ಮೇಲೆ ಅವನ ಕಾರ್ಯಾಗಾರ. ಹೊರಗೆ ಬೋರ್ಡಿಲ್ಲ, ಬೋರ್ಡಿನ ಅಗತ್ಯವೂ ಇಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು, ಬಣ್ಣದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಒಂದೆರಡು ಫೋಟೋಗಳ ಜೊತೆಗೆ ಕಳುಹಿಸುತ್ತಾರೆ. ಜಿನ್‌ತೇ ಮತ್ತು ಅವನ ಇಬ್ಬರು ಜೊತೆಗಾರರು ಪಿಂಗಾಣಿಯಲ್ಲಿ ಹಲ್ಲು ಕಟ್ಟಿ, ಸುಟ್ಟು, ಉಜ್ಜಿ, ಪುಟ್ಟ ಡಬ್ಬಿಯಲ್ಲಿಟ್ಟು ಹಿಂದಕ್ಕೆ ಕಳುಹಿಸುತ್ತಾರೆ. ಫೋಟೋದಲ್ಲಿ ಮನುಷ್ಯರು ಮೂಗಿನಿಂದ ಕೆಳಗೆ ಮಾತ್ರ ಇರುತ್ತಾರೆ. ಆದ್ದರಿಂದ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ, ಕಂದು ಸ್ವೆಟರ್ ತೊಟ್ಟ, ಬಾಯಿಗೆ ಕೈ ಅಡ್ಡ ಹಿಡಿದ ಆ ಹೆಂಗಸು ಯಾರೆಂದು ಅವನಿಗೆ ತಿಳಿಯಲಿಲ್ಲ. ವಯಸ್ಸು ಅರವತ್ತೇಳು, ಅರವತ್ತೆಂಟು ಇರಬಹುದು.

"ಹಲ್ಲು ಮಾಡೋರು ಇಲ್ಲೇ ಏನಪ್ಪಾ?"

"ಇಲ್ಲೇ. ಆದ್ರೆ ಅಮ್ಮ, ನೀವು ಡಾಕ್ಟರ್ ಹತ್ರ ಹೋಗ್ಬೇಕು. ನಾವು ಬಾಯಿ ನೋಡೋ ಹಾಗಿಲ್ಲ."

"ನಾನು ಯಾರಿಗೂ ಅಮ್ಮ ಅಲ್ಲ. ಮದುವೇನೇ ಆಗಿಲ್ಲ. ಯಾವ ಆಸ್ಪತ್ರೆಗೆ ಹೋದ್ರೂ ಅಮ್ಮ ಅಮ್ಮ ಅಂತಾರೆ. ಹೆರದೇ ಇರೋ ಮಕ್ಕಳು ಊರ ತುಂಬಾ ಆಗಿಬಿಟ್ಟಿದಾರೆ ನಂಗೆ."

ಜೊತೆಗಾರರಿಬ್ಬರೂ ತಲೆತಗ್ಗಿಸಿ ನಕ್ಕರು. ಜಿನ್‌ತೇ ಎದ್ದು ನಿಂತ.

"ತಪ್ಪಾಯ್ತು ಅಕ್ಕ. ಕೂತ್ಕೊಳಿ. ಏನಾಗಬೇಕಿತ್ತು?"

"ಡಾಕ್ಟರ್ ತಾಕ್ ಹತ್ರ ಹೋಗಿದ್ದೆ. ಎರಡು ಸಲ. ಹಲ್ಲು ಸರಿಯಾಗೇ ಇದೆ ಅಂದ್ರು. ನರ್ಸಮ್ಮಗಳೂ ಹಾಗೇ ಅಂದ್ರು. ಇದನ್ನ ಮಾಡಿದೋರು ಯಾರು ಅಂತ ಕೇಳ್ದೆ, ಇಲ್ಲಿಗೆ ದಾರಿ ತೋರ್ಸಿದ್ರು." ಅವರು ಕೈಯನ್ನು ಬಾಯಿಯಿಂದ ಮೆಲ್ಲಗೆ ತೆಗೆದರು. "ಇದನ್ನ ಬದಲಾಯಿಸು ಅಂತ ಕೇಳೋಕೆ ನಾನು ಬಂದಿಲ್ಲ ಯಜಮಾನ್ರೇ. ಒಂದೇ ಒಂದು ಮಾತು ಹೇಳ್ಬಿಡಿ. ಈ ಹಲ್ಲು ಕೆಟ್ಟಿದೆಯೋ, ನನ್ನ ಕಣ್ಣು ಕೆಟ್ಟಿದೆಯೋ?"

ಅವರು ತುಟಿ ಎತ್ತಿದರು. ಮುಖದ ಗುರುತು ಹತ್ತದವನಿಗೆ ಹಲ್ಲಿನ ಗುರುತು ತಕ್ಷಣ ಹತ್ತಿತು. ಮೇಲಿನ ಸಾಲಿನ ಎದುರು ಹಲ್ಲು, ಎಡಗಡೆಯದು. ದವಡೆಯಲ್ಲಿ ತಿರುಪು ಕೂರಿಸಿ ಅದರ ಮೇಲೆ ಹಾಕುವ ಕ್ಯಾಪ್. ಹಿಂದಿನ ತಿಂಗಳ ಸುಗ್ಗಿಹಬ್ಬಕ್ಕೆ ಮೊದಲು ಮಾಡಿದ್ದು. ತನ್ನ ಕೈಕೆಲಸವನ್ನು ತಾನೇ ನೋಡುವವರು ಹೇಗೆ ನೋಡುತ್ತಾರೋ ಅವನೂ ಹಾಗೆಯೇ ನೋಡಿದ. ಆಕಾರ ಸರಿಯಾಗಿದೆ. ಒಸಡಿನ ಅಂಚು ಸರಿಯಾಗಿದೆ. ಬಣ್ಣ? ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಮೇಲ್ದುಟಿಯ ನೆರಳು ಹಲ್ಲಿನ ಮೇಲೆ ಬಿದ್ದಿತ್ತು. ಅವನಿಗೆ ತಪ್ಪೇನೂ ಕಾಣಲಿಲ್ಲ.

"ಚೆನ್ನಾಗೇ ಇದೆಯಲ್ಲ ಅಕ್ಕ. ಹೊಸದು, ಅದಕ್ಕೇ ಬೇರೆ ಥರ ಕಾಣತ್ತೆ. ಆರು ತಿಂಗಳಾದ್ರೆ ನಿಮಗೇ ಮರೆತುಹೋಗತ್ತೆ."

"ನೀಲಿ ಹೊಡೀತಿಲ್ವಾ?"

"ಇಲ್ವಲ್ಲ."

ಬುನ್‌ಸೊನ್ ವಾದ ಮಾಡಲಿಲ್ಲ, ಸಿಟ್ಟಾಗಲಿಲ್ಲ.

"ಹಾಗಾದ್ರೆ ಕಣ್ಣೇ" ಎಂದರು. "ಸೋಮವಾರ ಅಂಗಡಿ ಮಾಲೀಕರಿಗೆ ಮಾತು ಕೊಡಬೇಕು, ಇನ್ನು ಮೂರು ವರ್ಷಕ್ಕೆ ಇಟ್ಕೋತೀನೋ, ಖಾಲಿ ಮಾಡ್ತೀನೋ ಅಂತ. ನಾನು ಹೊಲಿಗೆಯವಳು, ಯಜಮಾನ್ರೇ. ಬಿಳಿ ಯಾವುದು, ನೀಲಿ ಯಾವುದು ಅಂತ ಗೊತ್ತಾಗದ ಕಣ್ಣಿಟ್ಕೊಂಡು ಮದುವೆ ಬಟ್ಟೆ ಹೊಲಿಯೋದಕ್ಕಾಗಲ್ಲ. ಹೇಳಿದ್ದು ಒಳ್ಳೇದಾಯ್ತು. ಬರ್ತೀನಿ."

ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅವರು ಮೆಟ್ಟಿಲಿಳಿದರು.

ಆ ಕಣ್ಣಿನ ಕಥೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಬುನ್‌ಸೊನ್ ಹುಟ್ಟಿದ್ದು ಸಾನ್‌ಚೊಂಗ್ ಬೆಟ್ಟದ ಕಡೆ. ಹದಿನಾರನೆಯ ವಯಸ್ಸಿಗೆ ಜಿಂಜುವಿನ ರೇಷ್ಮೆ ಗಿರಣಿಗೆ ನೂಲು ಸುತ್ತಲು ಬಂದರು. ಬಣ್ಣ ಹಾಕುವ ಮೊದಲು ನೂಲಿನ ಲಡಿಗಳನ್ನು ಬಿಳುಪಿನ ಪ್ರಕಾರ ಬೇರ್ಪಡಿಸುವ ಕೆಲಸವೊಂದಿತ್ತು. ಉಳಿದ ಹುಡುಗಿಯರು ಮೂರು ಗುಂಪು ಮಾಡಿದರೆ ಇವರು ಏಳು ಮಾಡುತ್ತಿದ್ದರು. ಮೇಲ್ವಿಚಾರಕಿ ಬೈಯಲು ಬಂದವಳು ಲಡಿಗಳನ್ನು ಕಿಟಕಿಗೆ ಒಯ್ದು ನೋಡಿ, ಬೈಯದೆ ಹಿಂತಿರುಗಿದಳಂತೆ. ಅಂದಿನಿಂದ ಗಿರಣಿಯಲ್ಲಿ ಅವರಿಗೆ 'ಏಳು ಬಿಳಿ' ಎಂದೇ ಹೆಸರಾಯಿತು.

ಇಪ್ಪತ್ತೊಂದಕ್ಕೆ ಗಿರಣಿ ಬಿಟ್ಟು ಒಬ್ಬ ಮುದುಕಿಯ ಹತ್ತಿರ, ಮದುವೆ ಹಬ್ಬಗಳಿಗೆ ತೊಡುವ ಸಾಂಪ್ರದಾಯಿಕ ಉಡುಪಾದ ಹನ್‌ಬೋಕ್ ಹೊಲಿಯಲು ಕಲಿತರು. ಮೂವತ್ತಕ್ಕೆ ಮಾರುಕಟ್ಟೆಯ ರೇಷ್ಮೆ ಸಾಲಿನಲ್ಲಿ ಸ್ವಂತ ಅಂಗಡಿ ಹಿಡಿದರು. ಉತ್ತರಕ್ಕೆ ಒಂದು ದೊಡ್ಡ ಕಿಟಕಿಯಿದ್ದ ಕಾರಣಕ್ಕೆ ಆ ಅಂಗಡಿಯನ್ನೇ ಆರಿಸಿದ್ದು. ಉತ್ತರದ ಬೆಳಕು ದಿನವಿಡೀ ಒಂದೇ ಸಮನಾಗಿರುತ್ತದೆ. ಬಟ್ಟೆಗೆ ದಾರ ಹೊಂದಿಸುವಾಗ ಅವರು ಉಂಡೆಯನ್ನು ಬಟ್ಟೆಯ ಮೇಲಿಟ್ಟು ನೋಡುತ್ತಿರಲಿಲ್ಲ. ಒಂದೇ ಒಂದು ಎಳೆ ಬಿಚ್ಚಿ, ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನೋಡುತ್ತಿದ್ದರು. ಎಳೆ ಕಣ್ಣಿಗೆ ಕಾಣದೆ ಹೋದರೆ ಅದೇ ಆ ಬಟ್ಟೆಯ ದಾರ. ಹೊಲಿದು ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತಿದ್ದರು. ನಲವತ್ತೈದು ವರ್ಷ ಅದೇ ಹಲ್ಲು. ಕಳೆದ ಚಳಿಗಾಲದಲ್ಲಿ, ಯಾರದೋ ಮೊಮ್ಮಗುವಿನ ಮೊದಲ ಹುಟ್ಟುಹಬ್ಬದ ಅಂಗಿಗೆ ಕೊನೆಯ ಹೊಲಿಗೆ ಹಾಕಿ ದಾರ ಕಚ್ಚಿದಾಗ, ಹಲ್ಲು ಟಕ್ಕೆಂದು ಬೇರಿನವರೆಗೆ ಸೀಳಿತು.

ಅದಕ್ಕೂ ಕೆಲವು ತಿಂಗಳ ಮೊದಲು ಅವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಪೊರೆ ತೆಗೆದ ಹೊಸದರಲ್ಲಿ ಲೋಕವೆಲ್ಲ ಸ್ವಲ್ಪ ನೀಲಿಯಾಗಿ ಕಾಣುತ್ತದೆ, ಬರಬರುತ್ತ ಸರಿಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಸರಿಹೋಯಿತು ಎಂದು ಬುನ್‌ಸೊನ್ ನಂಬಿದ್ದರು. ದಾರಗಳೆಲ್ಲ ಮೊದಲಿನಂತೆಯೇ ಹೊಂದುತ್ತಿದ್ದವು. ಹೊಸ ಹಲ್ಲು ಕೂರಿಸಿಕೊಂಡು ಅಂಗಡಿಗೆ ಬಂದು ಕಿಟಕಿಯ ಪಕ್ಕದ ಕನ್ನಡಿಯಲ್ಲಿ ಬಾಯಿ ತೆರೆದ ದಿನ ಆ ನಂಬಿಕೆ ಅಲ್ಲಾಡಿತು.

ಎದುರಿನ ಕಂಬಳಿ ಅಂಗಡಿಯ ಮಲ್‌ಜಾ ಮೂವತ್ತು ವರ್ಷಗಳ ಗೆಳತಿ. ಅವಳನ್ನು ಕರೆದು ತೋರಿಸಿದರು.

"ಅಯ್ಯೋ, ಎಷ್ಟು ಚೆನ್ನಾಗಿದೆ ಅಕ್ಕಾ! ಹತ್ತು ವರ್ಷ ಚಿಕ್ಕೋಳಾಗಿಬಿಟ್ಟೆ. ಬೀದೀಲಿ ಹೋಗೋ ಮುದುಕರು ಇನ್ಮೇಲೆ ನಿನ್ನ ಅಂಗಡೀಲೇ ಠಿಕಾಣಿ ಹಾಕ್ತಾರೆ."

"ತಮಾಷೆ ಬಿಡೇ. ಪಕ್ಕದ ಹಲ್ಲಿಗೂ ಇದಕ್ಕೂ ಹೊಂದತ್ತಾ?"

"ಹೊಂದತ್ತೆ. ನಿನ್ನ ಕಣ್ಣಿಗೆ ಹಾಕಿದಾರಲ್ಲ ಆ ಗಾಜು, ಅದರದ್ದೇ ದೋಷ. ನಮ್ಮತ್ತೆಗೂ ಹಾಗೇ ಆಗಿತ್ತು. ಮೂಲಂಗಿ ಉಪ್ಪಿನಕಾಯೀನ ನೀಲಿಯಾಗಿದೆ ಅಂತ ಎಸೆದುಬಿಟ್ರು."

ಮಲ್‌ಜಾ ಸಮಾಧಾನಕ್ಕೆಂದು ಹೇಳಿದ ಮಾತೇ ಒಳಗೆ ಕೂತುಬಿಟ್ಟಿತು. ಆಮೇಲೆ ಡಾಕ್ಟರ್ ತಾಕ್ ಕೂಡ ಹಲ್ಲು ಸರಿಯಿದೆ ಎಂದರು. ಬುನ್‌ಸೊನ್ ಮಾತನಾಡುವಾಗ ಬಾಯಿಗೆ ಕೈ ಹಿಡಿಯತೊಡಗಿದರು. ಬಟ್ಟೆ ಅಳತೆಗೆ ಬಂದವರನ್ನು ನಗಿಸಿ ನಗಿಸಿ ಹೊಟ್ಟೆ ಸಡಿಲ ಬಿಡಿಸಿ ಸರಿಯಾದ ಅಳತೆ ತೆಗೆಯುತ್ತಿದ್ದವರು ಈಗ ಟೇಪು ಹಿಡಿದು ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಹೊಸ ಕೆಲಸ ಬಂದರೆ ದಾರ ಹೊಂದಿಸಲು ಅರ್ಧ ದಿನ ಹಿಡಿಯುತ್ತಿತ್ತು. ಒಂದು ಎಳೆ ಮಲಗಿಸಿ, ತೆಗೆದು, ಇನ್ನೊಂದು ಮಲಗಿಸಿ, ಮತ್ತೆ ಮೊದಲನೆಯದನ್ನೇ ಮಲಗಿಸುವುದು. ಹಲ್ಲಿನ ವಿಷಯದಲ್ಲಿ ತಪ್ಪು ಹೇಳುವ ಕಣ್ಣು ದಾರದ ವಿಷಯದಲ್ಲಿ ಮಾತ್ರ ನಿಜ ಹೇಳುತ್ತದೆಂದು ನಂಬುವುದು ಹೇಗೆ?

ಇತ್ತ ಜಿನ್‌ತೇಗೂ ಮಂಗಳವಾರ ಪೂರ್ತಿ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬದಲಾಯಿಸಿ ಎಂದು ಕೂಗಾಡುವವರ ಸುದ್ದಿ ಅವನಿಗೆ ಹೊಸದಲ್ಲ. ಇನ್ನೂ ಬಿಳಿ ಬೇಕು, ಸಿನಿಮಾದವರ ಹಾಗೆ ಬೇಕು ಎನ್ನುವವರೇ ಹೆಚ್ಚು. ಇವರು ಬಿಳುಪು ಹೆಚ್ಚಾಗಿ ನೀಲಿ ಹೊಡೆಯುತ್ತಿದೆ ಎಂದಿದ್ದರು; ಅದೂ ಬೈಯದೆ, ಅವನ ಮಾತನ್ನು ನಂಬಿ ಎದ್ದುಹೋಗಿದ್ದರು. ನಂಬಿ ಎದ್ದುಹೋದವರು ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಬುಧವಾರ ಅವನು ಹಳೆಯ ಚೀಟಿಯನ್ನು ಹುಡುಕಿ ತೆಗೆದ. ಡಾಕ್ಟರ್ ತಾಕ್ ಅವರ ಕೈಬರಹದಲ್ಲಿ ಬಣ್ಣದ ಸಂಖ್ಯೆ ಸ್ಪಷ್ಟವಾಗಿತ್ತು: ಎ-ಮೂರೂವರೆ. ಸಂಖ್ಯೆ ಹೆಚ್ಚಿದಷ್ಟೂ ಹಲ್ಲು ಹಳದಿಯತ್ತ ವಾಲುತ್ತದೆ. ಬಾರ್ಲಿ ಚಹಾ ಕುಡಿದು ಅರವತ್ತು ದಾಟಿದ ಬಾಯಿಗೆ ಅದು ಸಹಜವಾದ ಬಣ್ಣ. ಅದರ ಕೆಳಗೆ ಅವನದೇ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಅಲ್ಲ. ಎ-ಎರಡು.'

ಅಂದು ಏನಾಗಿತ್ತೆಂದು ನೆನಪಾಯಿತು. ಬಣ್ಣ ನೋಡುವ ದಿನದ ಫೋಟೋದಲ್ಲಿ ಹಲ್ಲಿನ ಪಕ್ಕಕ್ಕೆ ಮಾದರಿ ಹಲ್ಲೊಂದನ್ನೂ ಒಂದು ಬೂದು ಚೀಟಿಯನ್ನೂ ಹಿಡಿಯುವುದು ರೂಢಿ. ಆ ಬೂದು ಬಣ್ಣವನ್ನು ಆಧಾರವಾಗಿಟ್ಟುಕೊಂಡು ಫೋಟೋದ ಬೆಳಕಿನ ತಪ್ಪನ್ನು ತಿದ್ದುತ್ತಾರೆ. ಹಬ್ಬದ ಮುಂಚಿನ ನೂಕುನುಗ್ಗಲಿನಲ್ಲಿ ಯಾರೋ ಬೂದು ಚೀಟಿಯನ್ನು ಮರೆತಿದ್ದರು. ಮಾದರಿ ಹಲ್ಲು ಹಿಡಿದ ಫೋಟೋ ಅಲುಗಾಡಿ ಮಸುಕಾಗಿತ್ತು. ಸ್ಪಷ್ಟವಾಗಿದ್ದದ್ದು ಒಂದೇ: ಮೂಗಿನಿಂದ ಎದೆಯವರೆಗೆ, ಪಾಚಿಹಸಿರು ರೇಷ್ಮೆಯ ಹನ್‌ಬೋಕ್ ಕುಪ್ಪಸ, ಅದರ ಕತ್ತಿನ ಅಂಚಿಗೆ ಹೊಲಿದ ಎರಡು ಬೆರಳಗಲದ ಬಿಳಿ ಕೊರಳಪಟ್ಟಿ. ಕೊರಳಪಟ್ಟಿಗಿಂತ ಬಿಳಿಯಾದದ್ದು ಜಗತ್ತಿನಲ್ಲಿ ಏನಿದೆ? ಕೊಳೆಯಾದ ಕೂಡಲೇ ಬಿಚ್ಚಿ ಹೊಸದನ್ನು ಹೊಲಿಯುವುದೇ ಅದನ್ನು ಅಚ್ಚಬಿಳುಪಾಗಿ ಇಡಬೇಕೆಂದು. ಜಿನ್‌ತೇ ಪರದೆಯ ಮೇಲೆ ಆ ಪಟ್ಟಿಯನ್ನು ಒತ್ತಿ 'ಇದೇ ಬಿಳಿ' ಎಂದು ಕಂಪ್ಯೂಟರಿಗೆ ಹೇಳಿದ್ದ. ಫೋಟೋ ತಿದ್ದಿಕೊಂಡಿತು. ಹಲ್ಲುಗಳು ಎ-ಎರಡಾಗಿ ಕಂಡವು. ಡಾಕ್ಟರು ಹಳದಿ ದೀಪದ ಕೆಳಗೆ ನೋಡಿ ಏಮಾರಿದ್ದಾರೆ, ನನ್ನ ಕಣ್ಣು ಏಮಾರುವುದಿಲ್ಲ ಎಂದು ಹೆಮ್ಮೆಯಿಂದಲೇ ಪೆನ್ಸಿಲ್ ಎತ್ತಿದ್ದ. ಮುಂದೆ ಡಾಕ್ಟರು ತಾವು ಬರೆದ ಸಂಖ್ಯೆಯೇ ಬಂದಿದೆ ಎಂದುಕೊಂಡು ಹಲ್ಲು ಕೂರಿಸಿದ್ದರು.

ಲೆಕ್ಕ ಈಗಲೂ ಸರಿಯಾಗಿಯೇ ಕಂಡಿತು. ಆದರೂ ಸಮಾಧಾನವಾಗಲಿಲ್ಲ. ಗುರುವಾರ ಮಧ್ಯಾಹ್ನ ಅವನು ಮಾದರಿ ಹಲ್ಲುಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ರೇಷ್ಮೆ ಸಾಲಿಗೆ ಹೋದ.

ಬುನ್‌ಸೊನ್ ನೆಲದ ಮೇಲೆ ಕುಳಿತು ಕಪಾಟಿನ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಬಾಗಿಲಲ್ಲಿ ನಿಂತ ಮಲ್‌ಜಾ ಅಳುವಂತಿದ್ದಳು.

"ನೋಡಿ ಸಾರ್, ನೀವಾದ್ರೂ ಹೇಳಿ. ಒಂದು ಹಲ್ಲಿಗೋಸ್ಕರ ಯಾರಾದ್ರೂ ಅಂಗಡಿ ಮುಚ್ತಾರಾ?"

"ಹಲ್ಲಿಗೆ ಅಲ್ಲ ಕಣೇ, ಕಣ್ಣಿಗೆ" ಎಂದರು ಬುನ್‌ಸೊನ್, ಕೈ ಅಡ್ಡ ಹಿಡಿದು. "ಬನ್ನಿ ಯಜಮಾನ್ರೇ. ಮಲ್‌ಜಾ, ನೀನು ಅವರನ್ನ ಸಾರ್ ಅಂತ ಹೆದರಿಸಬೇಡ. ಒಂದು ಲೋಟ ಚಹಾ ತಾ."

"ಅಕ್ಕ, ಒಂದ್ಸಲ ಆ ಕಿಟಕಿ ಹತ್ರ ನಿಂತ್ಕೊಂಡು ನಗ್ತೀರಾ?"

"ನಗು ಬರೋ ಹಾಗೆ ಏನಾಗಿದೆ ಈಗ?"

"ಹಾಗಾದ್ರೆ ಹಲ್ಲು ಕಿರೀರಿ."

ಅವರು ಕಿಟಕಿಯ ಬಳಿ ಹೋಗಿ ಹಲ್ಲು ಕಿರಿದರು. ಉತ್ತರದ ತಣ್ಣನೆಯ ಬೆಳಕಿನಲ್ಲಿ ಆ ಬಾಯಿ ಅವನ ಕಾರ್ಯಾಗಾರದಲ್ಲಿ ಕಂಡ ಬಾಯಿಯಾಗಿರಲಿಲ್ಲ. ಪಕ್ಕದ ಹಲ್ಲು ಹಳೆಯ ದಂತದ ಬಣ್ಣದಲ್ಲಿ, ದಾರ ಕಚ್ಚಿ ಕಚ್ಚಿ ತುದಿಯಲ್ಲಿ ಒಂದು ಸಣ್ಣ ಕಚ್ಚು ಬಿದ್ದು, ಬೆಚ್ಚಗೆ ಕುಳಿತಿತ್ತು. ಅವನು ಮಾಡಿದ ಹಲ್ಲು ಆಸ್ಪತ್ರೆಯ ಬಚ್ಚಲಿನ ಟೈಲ್ಸಿನಂತೆ ಹೊಳೆಯುತ್ತಿತ್ತು. ನೀಲಿ ಹೊಡೆಯುತ್ತಿತ್ತು.

ಅವನು ಮಾದರಿ ಪಟ್ಟಿಯನ್ನು ತೆಗೆದ. ಸಂಖ್ಯೆ ಕಾಣದಂತೆ ಬೆರಳು ಮುಚ್ಚಿ ಅವರ ಕೈಗೇ ಕೊಟ್ಟ.

"ಇದರಲ್ಲಿ ನಿಮ್ಮ ಪಕ್ಕದ ಹಲ್ಲು ಯಾವುದು, ನೀವೇ ಆರಿಸಿ."

ಬುನ್‌ಸೊನ್ ಕನ್ನಡಿ ನೋಡುತ್ತ, ಮಾದರಿಗಳನ್ನು ಒಂದೊಂದಾಗಿ ತುಟಿಯ ಹತ್ತಿರ ಹಿಡಿದರು. ಎಳೆ ಮಲಗಿಸಿ ನೋಡುವಂತೆಯೇ ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಕೊನೆಗೆ ಒಂದನ್ನು ಎತ್ತಿದರು. "ಇದು. ಆದ್ರೆ ಪೂರ್ತಿ ಇದಲ್ಲ. ಬೇರಿನ ಹತ್ರ ಇದಕ್ಕಿಂತ ಒಂದು ಕೂದಲೆಳೆಯಷ್ಟು ಕೆಂಪು."

ಜಿನ್‌ತೇ ಬೆರಳು ಸರಿಸಿ ನೋಡಿದ. ಎ-ಮೂರೂವರೆ.

"ಅಕ್ಕ," ಎಂದ ಅವನು, "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಹಲ್ಲೇ ತಪ್ಪು. ತಪ್ಪು ನಂದು. ಮಂಗಳವಾರ ನಾನು ಸರಿಯಾಗಿ ನೋಡ್ಲಿಲ್ಲ."

ಅವರು ಕುಳಿತುಬಿಟ್ಟರು. ಚಹಾ ತಂದ ಮಲ್‌ಜಾ ಲೋಟ ಹಿಡಿದುಕೊಂಡೇ ನಿಂತಳು.

"ನಿಜವಾಗ್ಲೂ? ಮುದುಕೀನ ಸಮಾಧಾನ ಮಾಡೋಕೆ ಹೇಳ್ತಿಲ್ಲ ತಾನೆ?"

"ಸುಳ್ಳು ಹೇಳೋದಾಗಿದ್ರೆ ಕಣ್ಣು ಕೆಟ್ಟಿದೆ ಅಂತಿದ್ದೆ. ನಂಗೆ ಕೆಲಸ ಉಳೀತಿತ್ತು." ಅವನು ತಲೆ ಕೆರೆದುಕೊಂಡ. "ಆದ್ರೆ ಹೇಗೆ ತಪ್ಪಾಯ್ತು ಅನ್ನೋದೇ ಹೊಳೀತಿಲ್ಲ. ಫೋಟೋದಲ್ಲಿ ನಿಮ್ಮ ಕೊರಳಪಟ್ಟಿ ಇತ್ತಲ್ಲ, ಅದನ್ನೇ ಬಿಳಿ ಅಂತ ಇಟ್ಕೊಂಡು ನಾನು ಬಣ್ಣ ತಿದ್ದಿದ್ದು. ಅಂದ್ಹಾಗೆ ಅಕ್ಕ, ಹಲ್ಲಿನ ಡಾಕ್ಟರ್ ಹತ್ರ ಯಾರಾದ್ರೂ ಹನ್‌ಬೋಕ್ ಹಾಕ್ಕೊಂಡು ಹೋಗ್ತಾರಾ?"

"ಫೋಟೋ ತೆಗೀತೀವಿ ಅಂತ ನರ್ಸಮ್ಮ ಫೋನ್ ಮಾಡಿದ್ಲು. ಫೋಟೋಗೆ ಸ್ವೆಟರ್ ಹಾಕ್ಕೊಂಡು ಹೋಗ್ಲಾ?" ಎಂದು ಹೇಳುತ್ತ ಹೇಳುತ್ತ ಅವರ ಮುಖ ಬದಲಾಯಿತು. "ಏನಂದ್ರಿ? ಕೊರಳಪಟ್ಟೀನ? ಅದನ್ನ ಬಿಳಿ ಅಂದ್ಕೊಂಡ್ರಾ?"

"ಕೊರಳಪಟ್ಟಿ ಬಿಳೀನೇ ಅಲ್ವಾ?"

ಬುನ್‌ಸೊನ್ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕೈ ಅಡ್ಡ ಹಿಡಿಯುವುದನ್ನೇ ಮರೆತು. ಆ ನಗು ಕೇಳಿ ಪಕ್ಕದ ಹೊದಿಕೆ ಅಂಗಡಿಯಿಂದ ಯಾರೋ ಇಣುಕಿದರು. ಅವರು ಎದ್ದು ಕೆಳಗಿನ ಡ್ರಾಯರಿನಿಂದ ಒಂದು ಹೊಸ ಕೊರಳಪಟ್ಟಿಯನ್ನು ತೆಗೆದು, ಅಳತೆ ಬರೆದುಕೊಳ್ಳುವ ಕಾಗದದ ಮೇಲಿಟ್ಟು, ಕಿಟಕಿಯ ಕೆಳಗೆ ಹಿಡಿದರು.

"ಹೇಳಿ, ಇದು ಬಿಳೀನಾ?"

ಕಾಗದದ ಪಕ್ಕದಲ್ಲಿ ಪಟ್ಟಿ ಬಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ಎರಡನೆಯ ನೀರಿನ ಬಣ್ಣಕ್ಕೆ ಹತ್ತಿರವಾಗಿತ್ತು. ಒಂಟಿಯಾಗಿ ನೋಡಿದ್ದರೆ ಬಿಳಿಯೆಂದು ಆಣೆ ಮಾಡಬಹುದಿತ್ತು.

"ಚಿಜಾ ಕಾಯಿ ನೆನೆಹಾಕಿದ ಹಳದಿ ನೀರು," ಎಂದರು ಬುನ್‌ಸೊನ್, ದನಿ ತಗ್ಗಿಸಿ. "ಒಂದು ಪಾತ್ರೆ ನೀರಿಗೆ ನಾಲ್ಕೇ ಹನಿ. ಅದರಲ್ಲಿ ಒಂದ್ಸಲ ಅದ್ದಿ ಒಣಗಿಸ್ತೀನಿ. ಮದುವೆ ಹುಡುಗೀರಿಗೆ ಏನೂ ಬೆರೆಸದ ಸತ್ತ ಬಿಳಿ ಹಾಕಿದ್ರೂ ನಡೆಯತ್ತೆ. ಅರವತ್ತು ದಾಟಿದೋರ ಕತ್ತಿಗೆ ಅಂಥ ಬಿಳಿ ಹೊಲಿದ್ರೆ ಮುಖ ಹಳದಿ ಬಡಿಯತ್ತೆ, ಹಲ್ಲು ಕೊಳೆಯಾಗಿ ಕಾಣತ್ತೆ. ಇದನ್ನ ಹಾಕಿದ್ರೆ ಮುಖದಲ್ಲಿ ಕಳೆ ಬರತ್ತೆ. ಬಟ್ಟೆ ಹಾಕ್ಕೊಂಡು ಕನ್ನಡಿ ನೋಡ್ಕೊಂಡು, ರೇಷ್ಮೆ ಒಳ್ಳೇದು, ಅದಕ್ಕೇ ಚೆನ್ನಾಗಿ ಕಾಣ್ತೀನಿ ಅಂತಾರೆ. ಅಂದ್ಕೊಳ್ಳಲಿ ಅಂತ ಸುಮ್ಮನಿದ್ದೆ. ಮೂವತ್ತೆಂಟು ವರ್ಷದಿಂದ ಯಾರಿಗೂ ಹೇಳಿಲ್ಲ."

"ನಂಗೂ?" ಎಂದಳು ಮಲ್‌ಜಾ. "ನನ್ನ ಅರವತ್ತರ ಹುಟ್ಟುಹಬ್ಬಕ್ಕೆ ಹೊಲಿದುಕೊಟ್ಟೆಯಲ್ಲ, ಅದರಲ್ಲೂ?"

"ನಿನಗೆ ಆರು ಹನಿ ಹಾಕಿದ್ದೆ ಕಣೆ."

"ಥೂ, ನಿನ್ನ! ಆ ಫೋಟೋ ನೋಡಿ ನನ್ನ ಸೊಸೆ, ಅತ್ತೆ ನಿಮ್ಮ ಚರ್ಮ ಎಷ್ಟು ಚೆನ್ನಾಗಿದೆ ಅಂದಿದ್ಲು!"

ಜಿನ್‌ತೇ ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದು ಕಿಟಕಿಗೂ ಕಾಗದಕ್ಕೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹಳದಿ ಬೆರೆತದ್ದನ್ನು ಬಿಳಿಯೆಂದು ಕಂಪ್ಯೂಟರಿಗೆ ಹೇಳಿದ್ದ. ಅದು ಹಳದಿಯನ್ನು ಕಳೆಯಲು ಇಡೀ ಫೋಟೋವನ್ನು ನೀಲಿಗೆ ತಳ್ಳಿತ್ತು. ಮುದುಕಿಯರ ಹಲ್ಲು ಬಿಳಿಯಾಗಿ ಕಾಣಲೆಂದು ಹಾಕಿದ ನಾಲ್ಕು ಹನಿ ಅವನ ಕಣ್ಣಿಗೂ ಹಲ್ಲನ್ನು ಬಿಳಿಯಾಗಿಯೇ ತೋರಿಸಿದ್ದವು.

"ಅಕ್ಕ, ನಿಮ್ಮ ಪಟ್ಟಿ ಇಪ್ಪತ್ತೆರಡು ವರ್ಷದ ಅನುಭವಕ್ಕೆ ಮಣ್ಣೆರಚಿಬಿಡ್ತು."

"ಪಟ್ಟಿ ಮಾಡಿದ್ದೇ ಏಮಾರಿಸೋಕೆ. ಅದು ತನ್ನ ಕೆಲಸ ಸರಿಯಾಗೇ ಮಾಡಿದೆ" ಎಂದರು ಬುನ್‌ಸೊನ್. ಆಮೇಲೆ ಮಲ್‌ಜಾಳ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯಾ? ಆ ಪೆಟ್ಟಿಗೆಯಿಂದ ಬಟ್ಟೆ ತೆಗೆದು ಮತ್ತೆ ಕಪಾಟಿಗೆ ಇಡು" ಎಂದರು.

ಸೋಮವಾರ ಅವರು ಅಂಗಡಿ ಮಾಲೀಕರಿಗೆ ಮಾತು ಕೊಟ್ಟರು. ಇನ್ನು ಮೂರು ವರ್ಷ.

ಜಿನ್‌ತೇ ಡಾಕ್ಟರ್ ತಾಕ್ ಅವರಲ್ಲಿಗೆ ತಾನೇ ಹೋಗಿ ನಡೆದದ್ದನ್ನು ಹೇಳಿದ. ತಾಕ್ ಗಂಭೀರ ಮನುಷ್ಯರು. ಚೀಟಿಯನ್ನೂ ಪೆನ್ಸಿಲ್ ಬರಹವನ್ನೂ ಬಹಳ ಹೊತ್ತು ನೋಡಿ, "ನನ್ನ ಮೂರೂವರೆಯನ್ನ ಹೊಡೆದುಹಾಕಿದ್ಯಲ್ಲಪ್ಪಾ" ಎಂದರು. ಚೀಟಿಯನ್ನು ಮೇಜಿನ ಮೇಲಿಟ್ಟು, "ನಾನೂ ಎರಡು ಸಲ ನೋಡಿ ಸರಿಯಿದೆ ಅಂದೆ. ನಾವಿಬ್ಬರೂ ಆಯಮ್ಮನ ಹತ್ರ ಹೋಗಿ ಕಲೀಬೇಕು" ಎಂದರು.

ಹೊಸ ಹಲ್ಲು ಉತ್ತರದ ಕಿಟಕಿಯ ಕೆಳಗೆ ರೂಪುಗೊಂಡಿತು. ಜಿನ್‌ತೇ ನಾಲ್ಕು ಮಧ್ಯಾಹ್ನ ತನ್ನ ಸಣ್ಣ ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಹೋದ. ಪ್ರತಿ ಸಲ ಅವರ ಬಾಯಿಯನ್ನು ನೋಡಿ, ಬರೆದುಕೊಂಡು, ಕಾರ್ಯಾಗಾರಕ್ಕೆ ಬಂದು ಒಂದು ಪದರ ಸುಟ್ಟು, ಮರುದಿನ ಡಬ್ಬಿಯಲ್ಲಿ ತಂದು ತೋರಿಸುತ್ತಿದ್ದ. ಬುನ್‌ಸೊನ್ ಹಲ್ಲಿನ ಭಾಷೆ ಬಲ್ಲವರಲ್ಲ. ಬಟ್ಟೆಯ ಭಾಷೆಯಲ್ಲಿ ಹೇಳುತ್ತಿದ್ದರು. ತುದಿ ಒದ್ದೆಯಾದ ನಾರುಬಟ್ಟೆಯ ಹಾಗೆ ಇರಲಿ, ಬೆಳಕು ಸ್ವಲ್ಪ ಹಾಯಲಿ. ನಡುವೆ ಬೇಯಿಸದ ರೇಷ್ಮೆ. ಬೇರಿನ ಹತ್ತಿರ ಒಂದು ಕೂದಲೆಳೆ ಕೆಂಪು. ಜಿನ್‌ತೇಗೆ ಅದೆಲ್ಲ ಚೆನ್ನಾಗಿ ಅರ್ಥವಾಗುತ್ತಿತ್ತು. ಪಕ್ಕದ ಹಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಒಂದು ಕಂದು ಗೆರೆಯಿತ್ತು. ಇದರಲ್ಲೂ ಒಂದು ಎಳೆಯಬೇಕೆಂದು ಕೇಳಿಕೊಂಡರು.

"ಆ ಕಚ್ಚೂ ಬೇಕಾ, ದಾರ ಕಚ್ಚಿದ್ದು?" ಎಂದು ಅವನು ಕೇಳಿದ.

"ಬೇಡ. ಕಚ್ಚು ಸಂಪಾದನೆ ಮಾಡಬೇಕಾದ್ದು. ಕೊಟ್ಟುಬಿಟ್ರೆ ಏನು ಬಂತು?"

"ಸಂಪಾದನೆ ಮಾಡೋಕೂ ಹೋಗಬೇಡಿ. ಇದು ಪಿಂಗಾಣಿ, ಚಕ್ಕೆ ಎದ್ದುಹೋಗತ್ತೆ. ಕತ್ತರಿ ಇಟ್ಕೊಳ್ಳಿ."

"ಆಯ್ತು ಬಿಡಿ. ಡಾಕ್ಟರೂ ಹಾಗೇ ಬೈದ್ರು."

ಹಲ್ಲು ಕೂರಿಸಿದ ದಿನ ಅವರು ಅಂಗಡಿಗೆ ಬಂದು ಕಿಟಕಿಯ ಬಳಿ ನಿಂತು ಮಲ್‌ಜಾಳನ್ನು ಕೂಗಿ ಕರೆದರು. ಮಲ್‌ಜಾ ಕನ್ನಡಕ ಹಾಕಿಕೊಂಡು ಬಂದು, ಹತ್ತಿರದಿಂದ, ದೂರದಿಂದ, ಪಕ್ಕದಿಂದ ನೋಡಿದಳು.

"ಯಾವುದೇ ಅಕ್ಕ ಹೊಸದು? ಹೊಸದು ಹಾಕಿಸ್ಕೊಂಡಿಯೋ, ಹಳೇದನ್ನೇ ಹುಡುಕಿ ಅಂಟಿಸ್ಕೊಂಡಿಯೋ? ಅಷ್ಟು ಚೆನ್ನಾಗಿ ಬೆಳ್ಳಗಿದ್ದ ಹಲ್ಲನ್ನ ಹಾಳು ಮಾಡ್ಕೊಂಡೆ ನೋಡು. ಈಗ ಯಾವ ಮುದುಕ ಬರ್ತಾನೆ?"

ಬುನ್‌ಸೊನ್ ಮೂರು ದಿನ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಕ್ಕರು. ಹೊಗಳಿಕೆಗಳಲ್ಲಿ ಅವರಿಗೆ ಅತ್ಯಂತ ಇಷ್ಟವಾದದ್ದು ಅದೇ.

ಇದೆಲ್ಲ ಎರಡು ವರ್ಷಗಳ ಹಿಂದಿನ ಮಾತು. ಈಗ ಹನ್‌ಬೋಕ್ ಹೊಲಿಸುವವರು ಮೊದಲಿನಷ್ಟಿಲ್ಲ. ಮದುವೆಯ ಹುಡುಗಿಯರು ಬಾಡಿಗೆಗೆ ತರುತ್ತಾರೆ. ತಾಯಂದಿರು ಮಾತ್ರ ಇನ್ನೂ ಬರುತ್ತಾರೆ. ಅವರ ಕೊರಳಪಟ್ಟಿಗಳು ಇನ್ನೂ ನಾಲ್ಕು ಹನಿಯ ನೀರಿನಲ್ಲಿ ಅದ್ದಿ ಒಣಗುತ್ತವೆ. ಮಲ್‌ಜಾ ಗುಟ್ಟನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ತನ್ನ ಚರ್ಮದ ಹೆಸರು ಹೋಗುತ್ತದೆ.

ಬಿಡುವಿನ ವೇಳೆಯಲ್ಲಿ ಬುನ್‌ಸೊನ್ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾರೆ. ನದಿಯಾಚೆಯ ಮಠದ ಸನ್ಯಾಸಿಗಳ ನಿಲುವಂಗಿ ಹೊಲಿದು ಉಳಿದ ಬೂದುಬಟ್ಟೆಯಲ್ಲಿ, ಕತ್ತಿನಿಂದ ಎದೆಯವರೆಗೆ ಇಳಿಯುವ ಹೊದಿಕೆಗಳನ್ನು ಹೊಲಿಯುತ್ತಾರೆ. ಹಲ್ಲಿನ ಬಣ್ಣ ನೋಡುವ ದಿನ ಡಾಕ್ಟರ್ ತಾಕ್ ಅದನ್ನು ಎಲ್ಲರ ಕೊರಳಿಗೂ ಕಟ್ಟುತ್ತಾರೆ, ಒಳಗೆ ಹಸಿರಿರಲಿ, ಕೆಂಪಿರಲಿ. ಜಿನ್‌ತೇಯ ಕೋರಿಕೆಯ ಮೇರೆಗೆ ಪ್ರತಿ ಹೊದಿಕೆಯ ಅಂಚಿಗೆ ಹೆಬ್ಬೆರಳಗಲದ ಒಂದು ಪಟ್ಟಿ, ಚಿಜಾ ನೀರು ಸೋಕದ ಅಚ್ಚಬಿಳಿ. ಆ ಪಟ್ಟಿಯನ್ನು ಹೊಲಿಯುವಾಗಲೆಲ್ಲ ಅವರು ಗೊಣಗುತ್ತಾರೆ. "ಸತ್ತ ಬಿಳಿ. ಇದನ್ನ ಹಾಕ್ಕೊಂಡ್ರೆ ಯಾರ ಮುಖ ತಾನೆ ಚೆನ್ನಾಗಿ ಕಾಣತ್ತೆ?" ಇನ್ನೂ ಇಬ್ಬರು ಡಾಕ್ಟರುಗಳು ತಮಗೂ ಬೇಕೆಂದು ಹೇಳಿಕಳುಹಿಸಿದ್ದಾರೆ.

ಗುರುವಾರಗಳಂದು ಜಿನ್‌ತೇ ಬರುತ್ತಾನೆ. ಬಣ್ಣ ಹೊಂದಿಸಲು ಕಷ್ಟವಾದ ಹಲ್ಲೊಂದು ಡಬ್ಬಿಯಲ್ಲಿರುತ್ತದೆ. ಯಾರ ಹಲ್ಲೆಂದು ಅವನು ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಕಿಟಕಿಯ ಕೆಳಗೆ ಅದನ್ನು ಮಾದರಿಯ ಪಕ್ಕದಲ್ಲಿಟ್ಟು ಅವರು ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಕಳೆದ ವಾರ ಅವನು ಹೋದಾಗ ಅವರು ಬೂದುಬಟ್ಟೆಯ ಮೇಲೆ ಬೂದು ದಾರದ ಎಳೆಯೊಂದನ್ನು ಮಲಗಿಸಿ, ಅದು ಕಾಣದೆ ಹೋದದ್ದನ್ನು ನೋಡಿ ತಲೆದೂಗುತ್ತಿದ್ದರು. ಹೊಲಿಗೆ ಮುಗಿದಾಗ ದಾರದ ತುದಿ ತಾನಾಗಿಯೇ ಬಾಯಿಯತ್ತ ಹೋಯಿತು. ಬಾಗಿಲಲ್ಲಿ ಅವನನ್ನು ಕಂಡು ಅರ್ಧದಲ್ಲೇ ನಿಂತಿತು. ಅವರು ಕೊರಳಿಗೆ ಕಟ್ಟಿಕೊಂಡ ಕತ್ತರಿಯನ್ನು ಎತ್ತಿ ಅವನಿಗೆ ಕಾಣುವಂತೆ ತೋರಿಸಿ, ದಾರ ಕತ್ತರಿಸಿ, "ಏನಪ್ಪಾ, ಕಾವಲಿಗೆ ಬಂದ್ಯಾ?" ಎಂದು ಬಾಯಿ ತುಂಬ ನಕ್ಕರು.